ಕಾಯುವ ಹೊತ್ತಿನ ನಂಬಿಕೆ

ಲಿಂಗಂಪಲ್ಲಿ ನಿಲ್ದಾಣದಲ್ಲಿ ಬೀದರ್, ಕಲಬುರಗಿ ಕಡೆಯ ರೈಲಿಗೆ ಕಾದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ರೈಲು ತಡವಾದರೆ ಎಷ್ಟು ತಡ ಎಂದು ಮೈಕಿನಲ್ಲಿ ಹೇಳುತ್ತಾರೆ. ಬದುಕಿನಲ್ಲಿ ಹಾಗೆ ಹೇಳುವವರಿಲ್ಲ. ಮಗನಿಗೆ ಕೆಲಸ ಯಾವಾಗ ಸಿಗುತ್ತದೆ, ಅಮ್ಮನ ರಿಪೋರ್ಟಿನಲ್ಲಿ ಏನಿರುತ್ತದೆ, ಕಂಪನಿ ಮನೆಗೆ ಕಳಿಸುವವರ ಪಟ್ಟಿಯಲ್ಲಿ ನಮ್ಮ ಹೆಸರಿದೆಯೇ? ಗೊತ್ತಿಲ್ಲ. ಇಂಥ ಹೊತ್ತಿನಲ್ಲಿ ನಮ್ಮ ಕ್ರೈಸ್ತ ಬಂಧುಗಳು ಹೇಳುವ ಮಾತೊಂದಿದೆ: ಎಲ್ಲವೂ ದೇವರ ಕೈಯಲ್ಲಿದೆ, ಆತನ ಸಮಯಕ್ಕೆ ಆಗುತ್ತದೆ. ಹಾಗೆಂದರೆ ಕೈಕಟ್ಟಿ ಕೂರುವುದೇ? ಅಲ್ಲ.

ಬೈಬಲಿನ ಯೋಸೇಫನನ್ನು ನೋಡಿ. ಅಣ್ಣಂದಿರೇ ಅವನನ್ನು ಮಾರಿದರು. ಆಗ ಅವನಿಗೆ 17 ವರ್ಷ. ಐಗುಪ್ತದಲ್ಲಿ ಮಾಡದ ತಪ್ಪಿಗೆ ಸೆರೆಮನೆ. ಅಲ್ಲಿ ಅರಸನ ಪಾನದಾಯಕನ ಕನಸಿನ ಅರ್ಥ ಹೇಳಿ, ಬಿಡುಗಡೆಯಾದ ಮೇಲೆ ನನ್ನನ್ನು ನೆನೆಸಿಕೋ ಎಂದು ಬೇಡಿಕೊಂಡ. ಅವನು ಮರೆತೇಬಿಟ್ಟ. ಮತ್ತೆ ಎರಡು ವರ್ಷ ಕಾಯಬೇಕಾಯಿತು. ಫರೋಹನ ಮುಂದೆ ನಿಂತಾಗ ಯೋಸೇಫನಿಗೆ 30. ಆದರೆ ಆ 13 ವರ್ಷ ಅವನು ಸುಮ್ಮನಿರಲಿಲ್ಲ. ಧಣಿಯ ಮನೆಯಲ್ಲಿಯೂ ಸೆರೆಯಲ್ಲಿಯೂ ಕೈಗೆ ಬಂದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ.

ನಮ್ಮ ಕನ್ನಡದ ಕಥೆಯೂ ಒಂದಿದೆ. ಫರ್ಡಿನೆಂಡ್ ಕಿಟೆಲ್ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ 1853ರಲ್ಲಿ ಕನ್ನಡ ನಾಡಿಗೆ ಬಂದಾಗ 21ರ ತರುಣ. ಇಲ್ಲಿ ಮೊದಲ ಪತ್ನಿಯನ್ನು ಕಳೆದುಕೊಂಡರು. ಕಣ್ಣಿನ ತೊಂದರೆ ಕಾಡಿತು. ಜರ್ಮನಿಗೆ ಮರಳಿದವರು 1883ರಲ್ಲಿ ನಿಘಂಟಿನ ಕೆಲಸಕ್ಕಾಗಿ ಮತ್ತೆ ಬಂದರು. ಹಳಗನ್ನಡ ಕಾವ್ಯದಿಂದ, ಜನರ ಬಾಯಿಂದ ಪದಗಳನ್ನು ಒಂದೊಂದಾಗಿ ಕೂಡಿಸಿದರು. ಸುಮಾರು 70,000 ಪದಗಳ ಆ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದಾಗ ಅವರು ಜರ್ಮನಿಯಲ್ಲಿದ್ದರು, ವಯಸ್ಸು 62. ಧರ್ಮಪ್ರಚಾರಕ್ಕೆಂದು ಬಂದವರನ್ನು ಇಂದು ನಾಡು ಎಲ್ಲಕ್ಕಿಂತ ಮೊದಲು ನೆನೆಯುವುದು ಆ ನಿಘಂಟಿಗಾಗಿ. ಬಂದ ದಿನ ಅವರಿಗೆ ಇದೆಲ್ಲ ತಿಳಿದಿತ್ತೇ?

ಹಾಗಂತ ನಂಬಿದವರಿಗೆ ಬೇಡಿದ್ದೆಲ್ಲ ಸಿಗುತ್ತದೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮೋಶೆ 40 ವರ್ಷ ಜನರನ್ನು ನಡೆಸಿ, ವಾಗ್ದಾನದ ನಾಡನ್ನು ನೆಬೋ ಬೆಟ್ಟದ ಮೇಲಿಂದ ನೋಡಿದ, ಅಷ್ಟೇ, ಒಳಗೆ ಕಾಲಿಡಲಿಲ್ಲ. ಯೇಸುಸ್ವಾಮಿಯೇ ಗೆತ್ಸೆಮನೆ ತೋಟದಲ್ಲಿ, ಸಾಧ್ಯವಾದರೆ ಈ ಸಂಕಟ ತಪ್ಪಲಿ ಎಂದು ಪ್ರಾರ್ಥಿಸಿದ. ತಪ್ಪಲಿಲ್ಲ. ಆದರೂ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿದ. ಆದ್ದರಿಂದ ಕಣ್ಣೀರು ಹಾಕುವುದು ಅಪನಂಬಿಕೆಯಲ್ಲ. ದೇವರೊಡನೆ ಅತ್ತು ಕೇಳುವುದೂ ನಂಬಿಕೆಯೇ.

ಕೇಳುಗರೇ, ಕಾಯುತ್ತಿರುವ ನೆರೆಯವರಿಗೆ ‘ಎಲ್ಲ ಒಳ್ಳೆಯದಕ್ಕೇ’ ಎಂದು ಹೇಳಿ ಎದ್ದುಬರಬೇಡಿ. ಒಂದು ಗಳಿಗೆ ಪಕ್ಕದಲ್ಲಿ ಕೂತುಕೊಳ್ಳಿ, ಆಸ್ಪತ್ರೆಗೆ ಜೊತೆಗೆ ಹೋಗಿ. ಕಾಯುತ್ತಿರುವವರು ನೀವೇ ಆದರೆ, ನಾಳೆಯ ತಾರೀಖನ್ನು ದೇವರಿಗೆ ಬಿಡಿ, ಇವತ್ತಿನ ಕೆಲಸವನ್ನು ನೀವು ಇಟ್ಟುಕೊಳ್ಳಿ. ಫಲ ಯಾವಾಗ ಎಂಬುದು ನಮ್ಮ ಕೈಯಲ್ಲಿಲ್ಲ. ಇವತ್ತಿನ ಒಂದು ಪದ ಮಾತ್ರ ನಮ್ಮ ಕೈಯಲ್ಲಿದೆ.