ಎದೆಯ ನೋವನ್ನು ಸೆರಗಿನಲ್ಲಿ ಮುಚ್ಚಿಡಬೇಡಿ

(ವಾಲ್ಪಾರೈ ಕಡೆಯ ತೋಟಗಳ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಉಪದೇಶಿಯೊಬ್ಬರು ಆಡಿದ ಮಾತು)



ಇಂದು ನಾನು ಮಾತನಾಡಬೇಕೆಂದಿರುವುದು ಹೆಂಗಸರ ಹೃದಯದ ಕಾಯಿಲೆಯನ್ನು ಕುರಿತು. ಇದು ಹೆಂಗಸರ ವಿಷಯವೆಂದು ಗಂಡಸರು ಯಾರೂ ಬೀಡಿ ಹಚ್ಚಲು ಹೊರಗೆ ಹೋಗಬಾರದು. ಆ ಬೀಡಿಯ ಮಾತೂ ಮುಂದೆ ಬರಲಿದೆ. ನಾನು ವೈದ್ಯನಲ್ಲ. ವೈದ್ಯರೂ ದಾದಿಯರೂ ಹೇಳುವುದನ್ನು ನಮ್ಮ ಲೈನ್ ಮನೆಯ ಮಾತಿನಲ್ಲಿ ನಿಮ್ಮ ಮುಂದಿಡುವುದಷ್ಟೇ ನನ್ನ ಕೆಲಸ.

ಹಾರ್ಟ್ ಅಟ್ಯಾಕ್ ಎಂದರೆ ಬಂಗಲೆಯವರ ಕಾಯಿಲೆ, ಕುರ್ಚಿಯಲ್ಲಿ ಕೂತು ತುಪ್ಪ ತಿನ್ನುವವರ ಕಾಯಿಲೆ, ಅದರಲ್ಲೂ ಗಂಡಸರ ಕಾಯಿಲೆ ಎಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ಇದು ಸುಳ್ಳು. 2019ರಲ್ಲಿ ಲೋಕದಲ್ಲಿ ತೀರಿಕೊಂಡ ಹೆಂಗಸರಲ್ಲಿ ನೂರಕ್ಕೆ 35 ಮಂದಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದಲೇ ತೀರಿಕೊಂಡರು. ಹೆಂಗಸರನ್ನು ಇಷ್ಟು ಸಂಖ್ಯೆಯಲ್ಲಿ ಕೊಂಡೊಯ್ಯುವ ಕಾಯಿಲೆ ಬೇರೊಂದಿಲ್ಲ.

"ದಿನವೆಲ್ಲ ಗುಡ್ಡ ಹತ್ತಿ ಇಳಿದು ಚಿಗುರು ಕೀಳುತ್ತೇವೆ, ಮೂಟೆ ಹೊರುತ್ತೇವೆ, ನಮಗೆಲ್ಲಿಯ ಹೃದಯದ ಕಾಯಿಲೆ?" ಎಂದು ನೀವು ಕೇಳಬಹುದು. ನಡೆಯುವುದು ಹೃದಯಕ್ಕೆ ಒಳ್ಳೆಯದೇ. ಆದರೆ ದುಡಿಮೆಯೊಂದೇ ಕಾಯುವುದಿಲ್ಲ. ಮೇಲಿನ ಊಟೆಯಿಂದ ಲೈನಿಗೆ ನೀರು ಬರುವ ಕೊಳವೆಯನ್ನು ನೆನೆಯಿರಿ. ಅದರಲ್ಲಿ ಕೆಸರು ಕಟ್ಟಿದರೆ ನಲ್ಲಿಯಲ್ಲಿ ನೀರು ಸಣ್ಣಗಾಗುತ್ತದೆ. ಒಂದು ದಿನ ಪೂರ್ತಿ ನಿಲ್ಲುತ್ತದೆ. ಹೃದಯಕ್ಕೆ ರಕ್ತ ಒಯ್ಯುವ ನಾಳಗಳಲ್ಲಿಯೂ ಹೀಗೆ ಕೊಬ್ಬಿನ ಕೆಸರು ಕಟ್ಟುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಹೊಗೆ, ಇವು ಆ ನಾಳದ ಒಳಗೋಡೆಯನ್ನು ಕೆಡಿಸಿ ಕೆಸರು ಬೇಗ ಕಟ್ಟುವಂತೆ ಮಾಡುತ್ತವೆ. ಇವುಗಳಲ್ಲಿ ಯಾವುದು ನಮ್ಮ ಲೈನಿನಲ್ಲಿ ಇಲ್ಲ, ಹೇಳಿ?

ಮೊದಲು ಉಪ್ಪಿನ ಮಾತು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚದಷ್ಟು, ಅದಕ್ಕಿಂತ ಹೆಚ್ಚು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರಿಗೆ ಹಾಕಿದ್ದು ಮಾತ್ರವಲ್ಲ, ಒಣಮೀನು, ಉಪ್ಪಿನಕಾಯಿ, ಹಪ್ಪಳ, ಗಂಜಿಗೆ ಹಾಕುವ ಚಿಟಿಕೆ, ಪೊಟ್ಟಣದ ಮಿಕ್ಸ್‌ಚರ್, ಎಲ್ಲವೂ ಆ ಒಂದು ಚಮಚದ ಲೆಕ್ಕಕ್ಕೇ ಸೇರುತ್ತವೆ. ಅಸ್ಸಾಮಿನ ಚಹಾ ತೋಟಗಳಲ್ಲಿ ಕಾರ್ಮಿಕರು ಚಹಾಕ್ಕೇ ಉಪ್ಪು ಹಾಕಿ ಕುಡಿಯುವ ವಾಡಿಕೆಯಿದೆ. ಅಲ್ಲಿ ಪರೀಕ್ಷಿಸಿದ ವೈದ್ಯರು ತೋಟದ ಜನರಲ್ಲಿ ರಕ್ತದೊತ್ತಡ ಬಹಳ ಇರುವುದನ್ನು ಕಂಡು, ಉಪ್ಪನ್ನೂ ಹೊಗೆಸೊಪ್ಪನ್ನೂ ಅದಕ್ಕೆ ಕಾರಣಗಳೆಂದು ತೋರಿಸಿದರು. ಅವರೂ ನಮ್ಮಂತೆಯೇ ಬುಟ್ಟಿ ಹೊತ್ತವರು.

ಹಾಗಾದರೆ ಏನು ಮಾಡಬೇಕು? ಒಣಮೀನನ್ನು ನೀರಿನಲ್ಲಿ ನೆನೆಹಾಕಿ ಆ ನೀರನ್ನು ಚೆಲ್ಲಿ ಬೇಯಿಸಿ, ದಿನವೂ ಮಾಡಬೇಡಿ. ಉಪ್ಪಿನಕಾಯಿ ಜಾಡಿ ತಟ್ಟೆಯ ಪಕ್ಕದಿಂದ ದೂರವಿರಲಿ. ಉಪ್ಪನ್ನು ಒಮ್ಮೆಲೇ ಬಿಡಬೇಕಾಗಿಲ್ಲ, ಸ್ವಲ್ಪ ಸ್ವಲ್ಪ ಇಳಿಸುತ್ತ ಬಂದರೆ ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಕಲ್ಲುಪ್ಪಾದರೆ ತೊಂದರೆಯಿಲ್ಲ ಎಂಬ ಮಾತನ್ನು ನಂಬಬೇಡಿ; ಕಲ್ಲುಪ್ಪೂ ಉಪ್ಪೇ. ರೇಷನ್ ಅಂಗಡಿಯ ಪಾಮ್ ಎಣ್ಣೆಯನ್ನು ಕಡಿಮೆ ಬಳಸಿ, ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ರಾಗಿ, ಹುರುಳಿ, ಹಿತ್ತಲಿನ ಸೊಪ್ಪು, ನುಗ್ಗೆ, ಬಾಳೆಹಣ್ಣು, ಇವು ಬಡವರ ಊಟವೆಂದು ಅವಮಾನಪಡುವ ವಸ್ತುಗಳಲ್ಲ. ಅನ್ನದ ರಾಶಿ ಇಳಿದು ಪಲ್ಯ, ಕಾಳು ಹೆಚ್ಚಲಿ.

ಎರಡನೆಯದು ಹೊಗೆಸೊಪ್ಪು. ಫೀಲ್ಡಿನಲ್ಲಿ ಕಾಲಿಗೆ ಜಿಗಣೆ ಕಚ್ಚಿದರೆ ಹೊಗೆಸೊಪ್ಪು ಮುಟ್ಟಿಸುತ್ತೀರಿ. ಅದು ಸುರುಟಿಕೊಂಡು ಉದುರುತ್ತದೆ. ಜಿಗಣೆ ತಾಳಲಾರದ ವಸ್ತುವನ್ನು ನಮ್ಮ ತಾಯಂದಿರು ಎಲೆಯಡಿಕೆಯೊಡನೆ ದವಡೆಯಲ್ಲಿ ಒತ್ತಿಟ್ಟುಕೊಳ್ಳುತ್ತಾರೆ. ಹಸಿವು ಮರೆಯುತ್ತದೆ, ಚಳಿ ಮರೆಯುತ್ತದೆ ಎನ್ನುತ್ತಾರೆ. ನಿಜ, ಆದರೆ ಅದು ರಕ್ತನಾಳವನ್ನು ಬಿಗಿಸಿ ಒತ್ತಡವನ್ನು ಏರಿಸುತ್ತದೆ. ಗಂಡಸರೇ, ಒಂದೇ ಕೋಣೆಯ ಮನೆಯಲ್ಲಿ ನೀವು ಸೇದಿದ ಬೀಡಿಯನ್ನು ನಿಮ್ಮ ಹೆಂಡತಿಯೂ ಮಕ್ಕಳೂ ಸೇದಿದಂತೆಯೇ. ಸೌದೆ ಒಲೆಯ ಹೊಗೆಯೂ ಹೃದಯಕ್ಕೆ ವೈರಿ. ಗ್ಯಾಸ್ ಸಿಲಿಂಡರ್ ಇದ್ದರೆ ಅದನ್ನು ಹಬ್ಬಕ್ಕೆಂದು ಎತ್ತಿಡದೆ ಬಳಸಿ. ಇಲ್ಲದವರು ಹೊಗೆ ಹೋಗಲು ಕಿಂಡಿಯನ್ನಾದರೂ ತೆರೆಯಿರಿ.

ಮೂರನೆಯದು ಹೆಂಗಸರಿಗೇ ಸೇರಿದ ಮಾತು. ಬಸುರಿನಲ್ಲಿ ರಕ್ತದೊತ್ತಡ ಏರಿದ್ದವರಿಗೆ, ಸಕ್ಕರೆ ಕಾಣಿಸಿಕೊಂಡಿದ್ದವರಿಗೆ, ಹೆರಿಗೆಯ ಮೇಲೆ ಅದು ಇಳಿದರೂ ಮುಂದೆ ಹೃದಯದ ಕಾಯಿಲೆಯ ಅಪಾಯ ಹೆಚ್ಚು. ದಾದಿ ಕೇಳದಿದ್ದರೂ ನೀವೇ ಹೇಳಿ. ಮುಟ್ಟು ನಿಂತ ಮೇಲೆ ಎಲ್ಲ ಹೆಂಗಸರಿಗೂ ಅಪಾಯ ಏರುತ್ತದೆ. ಇಲ್ಲಿಂದ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೂ ಕೊಯಮತ್ತೂರಿನ ಮಿಲ್ಲುಗಳಿಗೂ ಹೋದ ನಮ್ಮ ಹೆಣ್ಣುಮಕ್ಕಳಿಗೆ ಬೇರೊಂದು ತೊಂದರೆ: ಅಲ್ಲಿ ಗುಡ್ಡವಿಲ್ಲ, ದಿನವೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತದ್ದೇ. ಅವರು ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಲಿ ಎಂದು ಫೋನಿನಲ್ಲಿ ತಿಳಿಸಿ.

ರಕ್ತದೊತ್ತಡಕ್ಕೆ ನೋವಿಲ್ಲ, ಜ್ವರವಿಲ್ಲ, ಅಳೆಯದೆ ಗೊತ್ತಾಗುವುದಿಲ್ಲ. ಬೇರೆ ಬೇರೆ ದಿನ ಅಳೆದಾಗಲೂ ಮೇಲಿನ ಅಂಕಿ 140 ಆಗಲಿ, ಕೆಳಗಿನ ಅಂಕಿ 90 ಆಗಲಿ, ಅಥವಾ ಅದಕ್ಕಿಂತ ಹೆಚ್ಚಾಗಲಿ ಬಂದರೆ ವೈದ್ಯರನ್ನು ಕಾಣಲೇಬೇಕು. 2021ರ ಆಗಸ್ಟ್‌ನಲ್ಲಿ ತಮಿಳುನಾಡು ಸರ್ಕಾರ 'ಮಕ್ಕಳೈ ತೇಡಿ ಮರುತ್ತುವಂ' ಎಂಬ ಯೋಜನೆಯನ್ನು ತಂದು, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆ ಬಾಗಿಲಿಗೇ ತಲುಪಿಸಲು ಏರ್ಪಾಡು ಮಾಡಿತು. ಆ ಪಟ್ಟಿಯಲ್ಲಿ ನಿಮ್ಮ ಹೆಸರು ಬರೆಸಿ. ಒತ್ತಡ ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡಿ. ಮಾತ್ರೆಯಿಂದಲೇ ಅದು ಇಳಿದಿರುವುದು. ನಿಮ್ಮ ಮಾತ್ರೆಯನ್ನು ಪಕ್ಕದ ಮನೆಯವರಿಗೆ ಸಾಲ ಕೊಡಬೇಡಿ.

ಈಗ ಬಹು ಮುಖ್ಯವಾದ ಮಾತು. ಎದೆಯ ನಡುವೆ ಕಲ್ಲು ಇಟ್ಟಂತೆ ಒತ್ತುವ ನೋವು ಬಂದರೆ ಎಲ್ಲರಿಗೂ ಅನುಮಾನ ಬರುತ್ತದೆ. ಆದರೆ ಹೆಂಗಸರಲ್ಲಿ ಎಷ್ಟೋ ವೇಳೆ ಅದರ ಜೊತೆಗೆ, ಕೆಲವರಲ್ಲಿ ಅದಿಲ್ಲದೆಯೂ, ಬೇರೆ ಗುರುತುಗಳು ಬರುತ್ತವೆ: ಮೇಲುಸಿರು, ತಣ್ಣನೆಯ ಬೆವರು, ವಾಕರಿಕೆ, ದವಡೆ, ಕುತ್ತಿಗೆ, ಬೆನ್ನು, ಭುಜದಲ್ಲಿ ನೋವು, ಎಂದೂ ಇಲ್ಲದ ಸುಸ್ತು. "ಗ್ಯಾಸು ಇರಬೇಕು, ಒಂದು ಸೋಡಾ ಕುಡಿ" ಎಂದು ಮನೆಯವರು ಹೇಳುತ್ತಾರೆ. "ತೂಕ ಹಾಕಿ ಬರುತ್ತೇನೆ" ಎಂದು ಆಕೆಯೂ ಹೇಳುತ್ತಾಳೆ. ಹೀಗೆ ಕಳೆದ ಒಂದೊಂದು ಗಂಟೆಗೂ ಹೃದಯದ ಮಾಂಸ ಸಾಯುತ್ತ ಹೋಗುತ್ತದೆ, ಅದು ಮತ್ತೆ ಬೆಳೆಯುವುದಿಲ್ಲ.

ನಮ್ಮ ಬೆಟ್ಟದ ಸ್ಥಿತಿ ನಿಮಗೆ ಗೊತ್ತು. ವಾಲ್ಪಾರೈಯಿಂದ ಪೊಳ್ಳಾಚಿಗೆ ಸುಮಾರು 64 ಕಿಲೋಮೀಟರು, 40 ಕೊಂಡಿ ತಿರುವುಗಳು, ರಾತ್ರಿಯಾದರೆ ದಾರಿಯಲ್ಲಿ ಆನೆ. ಆದ್ದರಿಂದಲೇ ಬೆಳಗಾಗಲಿ ಎಂದು ಕಾಯಬಾರದು. ಗುರುತು ಕಂಡೊಡನೆ 108ಕ್ಕೆ ಕರೆ ಮಾಡಿ. ರೋಗಿಯನ್ನು ನಡೆಸಬೇಡಿ, ಒರಗಿಸಿ ಕೂರಿಸಿ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರ ಅಥವಾ ಆಸ್ಪತ್ರೆಗೆ ಮೊದಲು ಮುಟ್ಟಿಸಿ. 2023ರಲ್ಲಿ ಸರ್ಕಾರ 'ಇದಯಂ ಕಾಪ್ಪೋಂ' ಎಂಬ ಯೋಜನೆಯಿಂದ, ಹಾರ್ಟ್ ಅಟ್ಯಾಕಿನಲ್ಲಿ ಮೊದಲು ಕೊಡಬೇಕಾದ ಮಾತ್ರೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇರಿಸಿತು. ಆ ಮಾತ್ರೆ ಸಿಕ್ಕಿದ ಮೇಲೆ ಕೆಳಗಿನ ದೊಡ್ಡ ಆಸ್ಪತ್ರೆಗೆ ಸಾಗಿಸುವುದು. ವಿಮೆಯ ಕಾರ್ಡು, ಹಳೆಯ ಚೀಟಿಗಳು ಒಂದೇ ಚೀಲದಲ್ಲಿ ಬಾಗಿಲ ಬಳಿ ಇರಲಿ.

ಪ್ರಿಯರೇ, ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಹೆಂಗಸೊಬ್ಬಳಿದ್ದಾಳೆ. ಇದ್ದುದನ್ನೆಲ್ಲ ವೈದ್ಯರಿಗೆ ಕೊಟ್ಟು ಬರಿಗೈಯಾದವಳು. ಯಾರಿಗೂ ಹೇಳದೆ ಹಿಂದಿನಿಂದ ಬಂದು ಯೇಸುಸ್ವಾಮಿಯ ಬಟ್ಟೆ ಮುಟ್ಟಿದಳು. ಆಗ ಸ್ವಾಮಿ ಹೊರಟಿದ್ದದ್ದು ಎಲ್ಲಿಗೆ? ಪ್ರಾರ್ಥನಾ ಮಂದಿರದ ಅಧಿಕಾರಿ ಯಾಯೀರನ ಮನೆಗೆ, ಸಾಯುತ್ತಿದ್ದ ಅವನ ಮಗಳ ಬಳಿಗೆ. ಅಂಥ ಅವಸರದಲ್ಲಿಯೂ ಈ ಬಡ ಹೆಂಗಸಿಗಾಗಿ ಅವರು ನಿಂತರು. ಆಕೆ ನಡುಗುತ್ತ ಮುಂದೆ ಬಂದು ನಡೆದುದನ್ನೆಲ್ಲ ಹೇಳುವವರೆಗೂ ಕಾದರು. ಆಕೆಯನ್ನು ಮಗಳೆಂದು ಕರೆದರು. ಬಳಿಕ ಯಾಯೀರನ ಮನೆಗೆ ಹೋಗಿ ಹುಡುಗಿಯನ್ನು ಎಬ್ಬಿಸಿದ ಮೇಲೆ ಅಲ್ಲಿದ್ದವರಿಗೆ ಅಪ್ಪಣೆ ಮಾಡಿದ್ದೇನು ಗೊತ್ತೇ? ಆಕೆಗೆ ತಿನ್ನಲು ಏನಾದರೂ ಕೊಡಿ ಎಂದು.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ನೋವನ್ನು ಮುಚ್ಚಿಡುವುದು ಪುಣ್ಯವಲ್ಲ, ಹೇಳಿಕೊಳ್ಳುವುದೇ ವಿಶ್ವಾಸ. ಹೆಂಗಸು ಹೇಳಿಕೊಂಡಾಗ ಎಷ್ಟೇ ಅವಸರವಿದ್ದರೂ ನಿಂತು ಕೇಳುವುದು ಮನೆಯವರ, ಮೇಸ್ತ್ರಿಯ, ಸಂಘದವರ ಕರ್ತವ್ಯ. ಎಲ್ಲರೂ ಉಂಡ ಮೇಲೆ ತಳದ ಅನ್ನಕ್ಕೆ ಉಪ್ಪಿನಕಾಯಿ ಕಲಸಿ ಉಣ್ಣುವ ತಾಯಿಗೆ ಉಪ್ಪು ಬಿಡು ಎಂದು ಉಪದೇಶ ಮಾಡಿದರೆ ಏನು ಬಂತು? ಆಕೆಯ ತಟ್ಟೆಗೂ ಪಲ್ಯ ಬರಬೇಕು. ನೀರು, ಸೌದೆ ತರುವ ಕೆಲಸದಲ್ಲಿ ಗಂಡಸರು ಪಾಲು ತೆಗೆದುಕೊಂಡರೆ ಆಕೆಗೆ ಒಂದು ಗಂಟೆ ಹೆಚ್ಚು ನಿದ್ದೆ ಸಿಗುತ್ತದೆ. ಆ ನಿದ್ದೆಯೂ ಔಷಧವೇ.

ಸಂಘದ ಪಾಲೂ ಇದೆ. ತೋಟದ ಆಸ್ಪತ್ರೆ, ಕುಡಿಯುವ ನೀರು, ಶೌಚಾಲಯ, ಶಿಶುಗೃಹ, ಇವು 1951ರ ತೋಟ ಕಾರ್ಮಿಕರ ಕಾಯಿದೆಯಿಂದ ನಮಗೆ ಹಕ್ಕಾಗಿ ಬಂದವು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನಕ್ಕೆ 2020ರ ಹೊಸ ಸಂಹಿತೆ ಬಂದಿದೆ. ಅದರಲ್ಲಿಯೂ ತೋಟದ ಕಾರ್ಮಿಕರ ವೈದ್ಯ ಸೌಲಭ್ಯದ ಮಾತಿದೆ. ನಿಯಮದಲ್ಲಿ ಗೊತ್ತುಮಾಡಿದ ವಯಸ್ಸಿನವರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆಯ ಮಾತೂ ಇದೆ. ಕೇಳದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ಫೀಲ್ಡಿನಲ್ಲಿ ಶೌಚಾಲಯವಿಲ್ಲವೆಂದು ನಮ್ಮ ಹೆಂಗಸರು ದಿನವೆಲ್ಲ ನೀರು ಕುಡಿಯದೆ ಇರುವುದು ನಿಲ್ಲಬೇಕು. ಅಟ್ಯಾಕಿನಿಂದ ಉಳಿದು ಬಂದವಳನ್ನು ಮರುವಾರವೇ ಮೂಟೆ ಹೊರಲು ಕಳುಹಿಸಬಾರದು. ವೈದ್ಯರು ಹೇಳಿದಷ್ಟು ರಜೆ, ಆಮೇಲೆ ಹಗುರ ಕೆಲಸ, ಮನೆಯ ಮುಂದೆ ನಿಧಾನವಾಗಿ ದಿನದಿನಕ್ಕೆ ಹೆಚ್ಚಿಸುವ ನಡಿಗೆ, ತಪ್ಪದ ಮಾತ್ರೆ, ಇಷ್ಟಿದ್ದರೆ ಆಕೆ ಬಹುಕಾಲ ಬಾಳಬಲ್ಲಳು. ಕಾಯಿಲೆ ಬಂತೆಂದು ಬಾಳು ಮುಗಿಯಲಿಲ್ಲ.

ಮುಂದಿನ ಭಾನುವಾರ ಪೂಜೆಗೆ ಬರುವ ಮೊದಲು ಒಂದು ಕೆಲಸ ಮಾಡಿ. ಮೂವತ್ತು ದಾಟಿದ ಪ್ರತಿಯೊಬ್ಬ ತಾಯಿಯೂ ಒಮ್ಮೆ ರಕ್ತದೊತ್ತಡ ಅಳೆಸಿಕೊಂಡು, ಆ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಲಿ. ಕರೆದುಕೊಂಡು ಹೋಗುವುದು ಗಂಡನ ಅಥವಾ ಮಗನ ಹೊಣೆ. ಹೆಂಗಸಿನ ಅಳಲಿಗೆ ದಾರಿಯಲ್ಲಿ ನಿಂತ ಸ್ವಾಮಿ ನಮ್ಮ ಮನೆಗಳನ್ನು ಕಾಪಾಡಲಿ.