ಹಿತ್ತಲ ಗಿಡ ಮದ್ದೇ?



‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಸುಲಭವಾಗಿ ಸಿಗುವುದಕ್ಕೆ ಬೆಲೆ ಕಡಿಮೆ ಎಂಬುದು ಅದರ ಭಾವ. ದನಕರುಗಳ ಮಟ್ಟಿಗೆ ಮಾತ್ರ ನಮ್ಮ ಹಳ್ಳಿಗಳಲ್ಲಿ ಹಿತ್ತಲ ಗಿಡವೇ ಬಹುಕಾಲ ಮದ್ದಾಗಿತ್ತು. ಪಶುವೈದ್ಯರು ಹತ್ತಾರು ಮೈಲಿ ದೂರದಲ್ಲಿದ್ದ ದಿನಗಳಲ್ಲಿ ಮನೆಯ ಹಿರಿಯರೇ ಗಾಯಕ್ಕೆ ಸೊಪ್ಪು ಅರೆದು ಹಚ್ಚುತ್ತಿದ್ದರು. ಬಿದಿರಿನ ಗೊಟ್ಟದಲ್ಲಿ ಕಷಾಯ ಕುಡಿಸುತ್ತಿದ್ದರು.

ಈ ತಿಳಿವಳಿಕೆ ಬರಹಕ್ಕೆ ಇಳಿದದ್ದೂ ಉಂಟು. 12ನೆಯ ಶತಮಾನದಲ್ಲಿ ಚಾಲುಕ್ಯ ರಾಜಮನೆತನದ ಕೀರ್ತಿವರ್ಮನು ‘ಗೋವೈದ್ಯ’ ಎಂಬ ಕೃತಿಯನ್ನು ಕನ್ನಡದಲ್ಲೇ ರಚಿಸಿದನು. ಅದರಲ್ಲಿ ಔಷಧಿಯೂ ಇದೆ, ಮಂತ್ರವೂ ಇದೆ. ಹಾಗಾದರೆ ಗುಣ ಮಾಡಿದ್ದು ಯಾವುದು? ವಿಜ್ಞಾನ ಕೇಳುವ ಮೊದಲ ಪ್ರಶ್ನೆ ಇದೇ.

ಒಂದು ಉದಾಹರಣೆ ನೋಡೋಣ. ಎಳೆಯ ಕುದುರೆಮಸಾಲೆ ಸೊಪ್ಪನ್ನು ಹೊಟ್ಟೆ ತುಂಬ ಮೇಯ್ದ ಹಸುವಿನ ಎಡಪಕ್ಕೆ ಕೆಲವೊಮ್ಮೆ ನಗಾರಿಯಂತೆ ಉಬ್ಬುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸುವಾಗ ಇಂಗಾಲದ ಡೈಆಕ್ಸೈಡ್ ಮತ್ತು ಮೀಥೇನ್ ಅನಿಲಗಳು ಹುಟ್ಟುತ್ತವೆ. ಹಸು ಅವನ್ನು ತೇಗಿ ಹೊರಹಾಕುತ್ತದೆ. ಅನಿಲ ನೊರೆಯೊಳಗೆ ಸಿಕ್ಕಿಕೊಂಡರೆ ತೇಗು ಬಾರದು. ಉಬ್ಬಿದ ಹೊಟ್ಟೆ ಶ್ವಾಸಕೋಶವನ್ನು ಒತ್ತಿ, ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಹಿರಿಯರು ಇದಕ್ಕೆ ಎಣ್ಣೆಯಲ್ಲಿ ಇಂಗು, ಓಮ ಸೇರಿಸಿ ಕುಡಿಸುತ್ತಿದ್ದರು. ಎಣ್ಣೆಯು ನೊರೆಯ ಗುಳ್ಳೆಗಳ ಮೇಲ್ಮೈ ಎಳೆತವನ್ನು ಬದಲಿಸಿ ಅವನ್ನು ಒಡೆಯುತ್ತದೆ. ಇಂದಿಗೂ ಪಶುವೈದ್ಯರು ಇಂಥ ಉಬ್ಬರಕ್ಕೆ ಎಣ್ಣೆ ಬಳಸುತ್ತಾರೆ. ಆದರೆ ಗೊಟ್ಟ ಹಾಕುವಾಗ ತಲೆಯನ್ನು ಅತಿಯಾಗಿ ಎತ್ತಿ ಹಿಡಿದರೆ ಎಣ್ಣೆ ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗಬಹುದು. ಮದ್ದಿನಷ್ಟೇ ಕೊಡುವ ಕ್ರಮವೂ ಮುಖ್ಯ.

ಇನ್ನು ಕೆಚ್ಚಲು ಬಾವು. ಇದು ಹೆಚ್ಚಾಗಿ ಬ್ಯಾಕ್ಟೀರಿಯಾಗಳಿಂದ ಬರುವ ರೋಗ. ಆ್ಯಂಟಿಬಯಾಟಿಕ್ ಕೊಟ್ಟಾಗ ಅದರ ಅಂಶ ಕೆಲವು ದಿನ ಹಾಲಿನಲ್ಲಿ ಉಳಿಯುತ್ತದೆ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗದು. ಹೆಪ್ಪಿನ ಬ್ಯಾಕ್ಟೀರಿಯಾಗಳಿಗೂ ಆ ಔಷಧಿ ತಗಲುತ್ತದೆ. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಪದೇ ಪದೇ ಔಷಧಿ ಬಳಸಿದಾಗ ಅದಕ್ಕೆ ಬಗ್ಗದ ರೋಗಾಣುಗಳು ಉಳಿದು ಬೆಳೆಯುವುದು. ಅವು ಮನುಷ್ಯರನ್ನೂ ಕಾಡಬಲ್ಲವು. ಆದ್ದರಿಂದಲೇ ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯದ ತಜ್ಞರು ಹಳೆಯ ಮದ್ದುಗಳನ್ನು ಮತ್ತೆ ಪರಿಶೀಲಿಸಿದರು. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಅವನ್ನು ರೈತರಿಗೆ ತಿಳಿಸುತ್ತಿದೆ. 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ ಸೇರಿಸಿ ಅರೆದು, ಹಾಲು ಹಿಂಡಿ ತೊಳೆದ ಕೆಚ್ಚಲಿಗೆ ದಿನಕ್ಕೆ ಹಲವು ಬಾರಿ ಹಚ್ಚುವುದು ಅಂಥ ಒಂದು ಕ್ರಮ. ಈ ಮಿಶ್ರಣ ಕೆಂಪಾಗುವುದೇಕೆ? ಸುಣ್ಣ ಪ್ರತ್ಯಾಮ್ಲ, ಅರಿಶಿನ ಸೂಚಕ. ನಿಮ್ಮ ರಸಾಯನಶಾಸ್ತ್ರದ ಪಾಠವೇ ಕೊಟ್ಟಿಗೆಯಲ್ಲಿದೆ!

ಹಾಗೆಂದು ಎಲ್ಲ ರೋಗಕ್ಕೂ ಸೊಪ್ಪೇ ಸಾಕೆನ್ನುವಂತಿಲ್ಲ. ಲಕ್ಷಾಂತರ ದನಗಳನ್ನು ಕೊಂದ ದೊಡ್ಡರೋಗವು ಜಗತ್ತಿನಿಂದಲೇ ತೊಲಗಿತೆಂದು 2011ರಲ್ಲಿ ಘೋಷಿಸಲು ಸಾಧ್ಯವಾದದ್ದು ಲಸಿಕೆಯ ಬಲದಿಂದ. ಕಾಲುಬಾಯಿ ಜ್ವರ, ಗಂಟಲು ಬೇನೆ, ಚಪ್ಪೆ ಬೇನೆಗಳಿಗೂ ಲಸಿಕೆಯೇ ರಕ್ಷೆ. ಗಿಡವೆಂದರೆ ನಿರಪಾಯ ಎಂಬುದೂ ತಪ್ಪು. ಕಣಗಿಲೆಯ ಕೆಲವೇ ಎಲೆಗಳು ಒಂದು ಹಸುವನ್ನು ಕೊಲ್ಲಬಲ್ಲವು. ರೋಗ ಯಾವುದೆಂದು ತಿಳಿಯದಿದ್ದಾಗ, ಜ್ವರ ಏರಿದಾಗ, ಮೇವು ಬಿಟ್ಟಾಗ ಪಶುವೈದ್ಯರನ್ನು ಕರೆಯಲು ತಡಮಾಡಬಾರದು.

ಹೀಗಿರುವಾಗ ನಿಮ್ಮ ಪಾಲಿನ ಕೆಲಸವೇನು? ಈ ತಿಳಿವಳಿಕೆಯ ಬಹುಭಾಗ ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆ. ಅವರೊಂದಿಗೇ ಅಳಿಯುವ ಸ್ಥಿತಿಯಲ್ಲಿದೆ. ರಜೆಯಲ್ಲಿ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಳ್ಳಿ: ಯಾವ ಗಿಡ, ಅದರ ಬೇರೋ ತೊಗಟೆಯೋ ಎಲೆಯೋ, ಎಷ್ಟು ಪ್ರಮಾಣ, ಯಾವ ರೋಗಕ್ಕೆ, ಎಷ್ಟು ದಿನ, ಫಲವೇನು? ಗುಣವಾಗದಿದ್ದ ಸಂದರ್ಭಗಳನ್ನೂ ಬಿಡದೆ ಬರೆಯಿರಿ. ಒಂದೇ ಹೆಸರಿನಿಂದ ಊರೂರಿನಲ್ಲಿ ಬೇರೆ ಬೇರೆ ಗಿಡಗಳನ್ನು ಕರೆಯುವುದುಂಟು. ಆದ್ದರಿಂದ ಹೂವಿರುವ ರೆಂಬೆಯೊಂದನ್ನು ಕಾಗದದ ನಡುವೆ ಒಣಗಿಸಿ, ನಿಮ್ಮ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ ಸಸ್ಯಶಾಸ್ತ್ರೀಯ ಹೆಸರನ್ನು ತಿಳಿಯಿರಿ. ಹಿತ್ತಲ ಗಿಡ ಮದ್ದೋ ಅಲ್ಲವೋ ಎಂಬುದನ್ನು ಗಾದೆ ತೀರ್ಮಾನಿಸಬೇಕಿಲ್ಲ, ಪರೀಕ್ಷೆ ತೀರ್ಮಾನಿಸಲಿ. ಅದಕ್ಕೆ ಬೇಕಾದ ಮೊದಲ ಪುಟವನ್ನು ನೀವು ಬರೆಯಬಹುದು.