ಯಂತ್ರ ಅವರದು, ಹೊಣೆ ನಮ್ಮದು

ಲೆಕ್ಕಪತ್ರದ ಕೆಲಸಕ್ಕೆ ಕಂಪ್ಯೂಟರನ್ನು ಮೊಟ್ಟಮೊದಲು ಹಚ್ಚಿದ್ದು ಬ್ಯಾಂಕೂ ಅಲ್ಲ, ಸರ್ಕಾರವೂ ಅಲ್ಲ, ಚಹಾ ಅಂಗಡಿಗಳನ್ನು ನಡೆಸುತ್ತಿದ್ದ ಒಂದು ಕಂಪನಿ. ಇಂಗ್ಲೆಂಡಿನ ಜೆ. ಲಯನ್ಸ್ ಕಂಪನಿ ಬ್ರೆಡ್ಡು, ಕೇಕು ಮಾಡಿ ಮಾರುತ್ತಿತ್ತು. ಒಂದೊಂದು ಬಿಲ್ಲೂ ಚಿಲ್ಲರೆ ಕಾಸಿನದು, ಬಿಲ್ಲುಗಳ ಸಂಖ್ಯೆ ಮಾತ್ರ ಅಪಾರ. ಗುಮಾಸ್ತರ ಸಂಬಳವೇ ಲಾಭವನ್ನು ತಿಂದುಹಾಕುತ್ತಿತ್ತು. ಕೊಳ್ಳೋಣವೆಂದರೆ ಮಾರುಕಟ್ಟೆಯಲ್ಲಿ ಸಿದ್ಧ ಯಂತ್ರವಿರಲಿಲ್ಲ. ಹಾಗಾಗಿ ಕಂಪನಿ ತಾನೇ ಒಂದನ್ನು ಕಟ್ಟಿಸಿ, ಅದಕ್ಕೆ ಲಿಯೋ ಎಂದು ಹೆಸರಿಟ್ಟಿತು. 1951ರ ನವೆಂಬರಿನಲ್ಲಿ ಬೇಕರಿಯ ಲೆಕ್ಕ ಅದರ ಮೇಲೆ ನಡೆಯತೊಡಗಿತು. ನಮ್ಮ ಇಂದಿನ ವಿಷಯಕ್ಕೆ ಮುಖ್ಯವಾದದ್ದು ಆಮೇಲಿನ ಸಂಗತಿ. ತನ್ನ ಕೆಲಸ ಮುಗಿದ ಮೇಲೂ ಯಂತ್ರಕ್ಕೆ ಬಿಡುವು ಉಳಿಯುತ್ತದೆಂದು ಲಯನ್ಸ್ ಕಂಡುಕೊಂಡಿತು. 1950ರ ದಶಕದ ನಡುವೆ ಫೋರ್ಡ್ ಮೋಟಾರು ಕಂಪನಿಯ ಡಾಗೆನ್‌ಹ್ಯಾಮ್ ಕಾರ್ಖಾನೆಯ ಕಾರ್ಮಿಕರ ಸಂಬಳದ ಲೆಕ್ಕ ಈ ಚಹಾ ಕಂಪನಿಯ ಯಂತ್ರದ ಮೇಲೆ ಆಗುತ್ತಿತ್ತು. ಸ್ವಂತ ಕಂಪ್ಯೂಟರ್ ಇಲ್ಲದೆ ಕಂಪ್ಯೂಟರಿನ ಕೆಲಸ ಮಾಡಿಸಿಕೊಳ್ಳುವುದು ಇತ್ತೀಚಿನ ಕ್ಲೌಡ್ ಕಂಪನಿಗಳು ಕಂಡುಹಿಡಿದ ಉಪಾಯವಲ್ಲ. ಹೆಚ್ಚುಕಡಿಮೆ ಕಂಪ್ಯೂಟರಿನಷ್ಟೇ ಹಳೆಯದು ಅದು.

ಈ ಎಪ್ಪತ್ತು ವರ್ಷಗಳ ಇತಿಹಾಸವನ್ನು ನೋಡಿದಾಗ ನನಗೆ ಎದ್ದು ಕಾಣುವ ವಿಷಯವೊಂದಿದೆ. ಸಂಸ್ಥೆಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಯನ್ನು ಹೊರಗಿನವರಿಗೆ ವಹಿಸಿದಾಗ ಪಡೆದ ಲಾಭ ಎಲ್ಲ ಕಾಲದಲ್ಲೂ ಒಂದೇ ಆಗಿರಲಿಲ್ಲ. ಮೊದಲು ಅವರು ಕೊಂಡದ್ದು ದುಬಾರಿ ಯಂತ್ರದ ಬಿಡುವಿನ ಗಂಟೆಗಳನ್ನು. ಈಗ ಕೊಳ್ಳುತ್ತಿರುವುದು ಹಗಲುರಾತ್ರಿ ಕಣ್ಣಿಟ್ಟು ಕಾಯುವ ಕೆಲಸವನ್ನು. ಹೊರಗುತ್ತಿಗೆಯ ಪರ ಮಾತಾಡುವವರೂ ವಿರುದ್ಧ ಮಾತಾಡುವವರೂ ಬಹುಮಟ್ಟಿಗೆ ಖರ್ಚಿನ ಲೆಕ್ಕದಲ್ಲೇ ಸಿಕ್ಕಿಕೊಂಡಿರುವುದರಿಂದ ಈ ಬದಲಾವಣೆ ಅವರ ಕಣ್ಣಿಗೆ ಬೀಳುವುದಿಲ್ಲ.

ಬಿಡುವಿನ ಗಂಟೆಗಳ ವ್ಯಾಪಾರವನ್ನು ದೊಡ್ಡದಾಗಿ ಬೆಳೆಸಿದವರು ಅಮೆರಿಕದ ರಾಸ್ ಪೆರೋ. ಅವರು ಐಬಿಎಂ ಕಂಪನಿಯ ಮಾರಾಟ ಪ್ರತಿನಿಧಿಯಾಗಿದ್ದವರು. ಗಿರಾಕಿಗಳು ಯಂತ್ರವನ್ನೇನೋ ತರಿಸಿಕೊಳ್ಳುತ್ತಾರೆ, ಆದರೆ ಅದನ್ನು ನಡೆಸುವ ಜನ ಅವರಲ್ಲಿಲ್ಲ ಎಂಬುದನ್ನು ಪೆರೋ ಗಮನಿಸಿದರು. 1962ರಲ್ಲಿ ಕೆಲಸ ಬಿಟ್ಟು ಇಡಿಎಸ್ ಎಂಬ ಕಂಪನಿ ತೆರೆದರು. ಆಗ ಅವರ ಬಳಿ ಒಂದೂ ಕಂಪ್ಯೂಟರ್ ಇರಲಿಲ್ಲ. ಡಲ್ಲಾಸಿನ ವಿಮಾ ಕಂಪನಿಯೊಂದರ ಯಂತ್ರ ಸುಮ್ಮನಿರುತ್ತಿದ್ದ ಹೊತ್ತನ್ನು ಸಗಟು ದರಕ್ಕೆ ಹಿಡಿದು ಬೇರೆಯವರಿಗೆ ಮಾರಿದರು. ಆಮೇಲೆ ಗಿರಾಕಿಯ ಕಂಪ್ಯೂಟರ್ ವಿಭಾಗವನ್ನೇ ಹಲವು ವರ್ಷಗಳ ಗುತ್ತಿಗೆಗೆ, ನಿಗದಿತ ದರಕ್ಕೆ ವಹಿಸಿಕೊಳ್ಳತೊಡಗಿದರು. ಅದೇ ಹೊತ್ತಿಗೆ, 1961ರಲ್ಲಿ, ಅಮೆರಿಕದ ಎಂಐಟಿ ಸಂಸ್ಥೆಯ ಶತಮಾನೋತ್ಸವದಲ್ಲಿ ಮಾತಾಡಿದ ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ, ಗಣನೆಯೂ ಮುಂದೊಂದು ದಿನ ದೂರವಾಣಿಯಂತೆ ಸಾರ್ವಜನಿಕ ಸೇವೆಯಾಗಬಹುದು ಎಂದಿದ್ದರು. ವಿಜ್ಞಾನಿಯೂ ವ್ಯಾಪಾರಿಯೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ತೀರ್ಮಾನ ಮುಟ್ಟಿದ್ದರು.

ಭಾರತದಲ್ಲಿ ಈ ಕಥೆ ಬೇರೆ ರೀತಿಯಲ್ಲಿ ಶುರುವಾಯಿತು. ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯ ಷರತ್ತುಗಳಿಗೆ ಒಪ್ಪದೆ ಐಬಿಎಂ 1978ರಲ್ಲಿ ದೇಶ ಬಿಟ್ಟಿತು. ಅದರ ಯಂತ್ರಗಳು ಮಾತ್ರ ಇಲ್ಲೇ ಉಳಿದವು. ಅವು ಕೆಟ್ಟರೆ ರಿಪೇರಿ ಮಾಡುವವರು ಯಾರು? 1975ರಲ್ಲಿ ಸ್ಥಾಪನೆಯಾಗಿದ್ದ ಸರ್ಕಾರಿ ಸಂಸ್ಥೆ ಸಿಎಂಸಿ ಆ ಕೆಲಸವನ್ನು ಹೊತ್ತುಕೊಂಡಿತು. ಒಂದೊಂದು ಕಚೇರಿಯೂ ಬಿಡಿಭಾಗಗಳನ್ನು ಕೂಡಿಡುವುದು, ಆ ವಿದ್ಯೆ ಬಲ್ಲ ಎಂಜಿನಿಯರನ್ನು ಸಾಕುವುದು ಆಗದ ಮಾತಾಗಿತ್ತು. ಎಲ್ಲರ ಪರವಾಗಿ ಒಂದು ಸಂಸ್ಥೆ ಆ ಕೌಶಲವನ್ನು ಕೂಡಿಟ್ಟುಕೊಂಡಿತು. ಇಲ್ಲಿ ಖರ್ಚು ಕಡಿಮೆ ಮಾಡುವ ಪ್ರಶ್ನೆಯೇ ಇರಲಿಲ್ಲ. ಅಪರೂಪದ ವಿದ್ಯೆಯನ್ನು ಹಂಚಿಕೊಳ್ಳುವ ಅಗತ್ಯವಿತ್ತು. ಮುಂದೆ 1980ರ ದಶಕದಲ್ಲಿ ರೈಲ್ವೆಯ ಗಣಕೀಕೃತ ಟಿಕೆಟ್ ಕಾಯ್ದಿರಿಸುವ ವ್ಯವಸ್ಥೆಯನ್ನು ಕಟ್ಟಿದ್ದೂ ಇದೇ ಸಿಎಂಸಿ.

ಅಲ್ಲಿಯವರೆಗೆ ಸ್ವಂತ ಬಲ ಸಾಲದವರು ಮಾತ್ರ ಹೊರಗಿನವರ ನೆರವು ಪಡೆಯುತ್ತಾರೆ ಎಂಬ ಭಾವನೆಯಿತ್ತು. 1989ರಲ್ಲಿ ಕ್ಯಾಮೆರಾ ಫಿಲ್ಮಿಗೆ ಹೆಸರಾದ ಅಮೆರಿಕದ ಕೊಡಾಕ್ ಕಂಪನಿ ತನ್ನ ಡೇಟಾ ಸೆಂಟರುಗಳನ್ನು ಐಬಿಎಂಗೆ ವಹಿಸಿದಾಗ ಆ ಭಾವನೆ ಮುರಿಯಿತು. ಅಷ್ಟು ಹಣವಂತ ಕಂಪನಿಯೇ ಹೀಗೆ ಮಾಡಿದ್ದನ್ನು ಕಂಡು ಉಳಿದ ದೊಡ್ಡ ಕಂಪನಿಗಳೂ ಅದೇ ದಾರಿ ಹಿಡಿದವು. ಎಲ್ಲ ಒಪ್ಪಂದಗಳೂ ಬಾಳಲಿಲ್ಲ. ಜೆ.ಪಿ. ಮಾರ್ಗನ್ ಚೇಸ್ ಬ್ಯಾಂಕು ಐಬಿಎಂ ಜತೆ 2002ರಲ್ಲಿ ಮಾಡಿಕೊಂಡ 500 ಕೋಟಿ ಡಾಲರಿನ, ಏಳು ವರ್ಷದ ಒಪ್ಪಂದವನ್ನು 2004ರಲ್ಲೇ ರದ್ದು ಮಾಡಿ ಕೆಲಸವನ್ನು ಮರಳಿ ಮನೆಯೊಳಗೆ ತಂದಿತು.

ಅದೇ 2004ರಲ್ಲಿ ನಮ್ಮ ದೇಶದಲ್ಲಿ ನಡೆದ ಒಪ್ಪಂದವೊಂದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಡೀ ಇತಿಹಾಸದಲ್ಲಿ ಇಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಅಪರೂಪ. ಮೊಬೈಲ್ ಫೋನು ಹಳ್ಳಿಹಳ್ಳಿಗೂ ಹಬ್ಬತೊಡಗಿದ್ದ ಕಾಲವದು. ಮುಂದಿನ ವರ್ಷ ಎಷ್ಟು ಗಿರಾಕಿಗಳು ಬರುತ್ತಾರೆಂದು ಭಾರ್ತಿ ಏರ್‌ಟೆಲ್ ಸೇರಿದಂತೆ ಯಾವ ಕಂಪನಿಗೂ ಅಂದಾಜು ಸಿಗುತ್ತಿರಲಿಲ್ಲ. ಉಪಕರಣವನ್ನು ಹೆಚ್ಚಾಗಿ ಕೊಂಡರೆ ದುಡ್ಡು ಪೆಟ್ಟಿಗೆಗಳಲ್ಲಿ ಕೊಳೆಯುತ್ತದೆ, ಕಡಿಮೆ ಕೊಂಡರೆ ಗಿರಾಕಿಗೆ ಲೈನು ಸಿಗುವುದಿಲ್ಲ. ಉಪಕರಣ ಮಾರುವವನಿಗೆ ಹೆಚ್ಚು ಪೆಟ್ಟಿಗೆ ಮಾರಿದಷ್ಟೂ ಲಾಭ. ಅವು ಬಳಕೆಯಾದವೋ ಇಲ್ಲವೋ ಅವನಿಗೆ ಬೇಕಿಲ್ಲ. ಏರ್‌ಟೆಲ್ ಈ ಗಂಟನ್ನೇ ಬಿಚ್ಚಿತು. ಜಾಲದ ಕೆಲಸವನ್ನು ಎರಿಕ್ಸನ್ ಮುಂತಾದ ಕಂಪನಿಗಳಿಗೆ ಕೊಟ್ಟು, ಬಳಕೆಯಾದ ಸಾಮರ್ಥ್ಯಕ್ಕೆ ಮಾತ್ರ ಹಣ ಎಂದಿತು. ಕಂಪ್ಯೂಟರ್ ವ್ಯವಸ್ಥೆಯನ್ನು ಹತ್ತು ವರ್ಷಕ್ಕೆ ಐಬಿಎಂಗೆ ಒಪ್ಪಿಸಿ, ತನ್ನ ವರಮಾನದಲ್ಲಿ ಒಂದು ಪಾಲು ಕೊಡುತ್ತೇನೆಂದಿತು. ಏರ್‌ಟೆಲ್ ಬೆಳೆದರಷ್ಟೇ ಐಬಿಎಂಗೂ ಆದಾಯ. ಫೋನ್ ಕಂಪನಿಯೊಂದು ತನ್ನ ಜಾಲವನ್ನೇ ಪರರ ಕೈಗೆ ಕೊಡುವುದೆಂದರೆ ಜೀವಾಳವನ್ನೇ ಕೊಟ್ಟಂತೆ ಎಂದು ಆಗ ಆಕ್ಷೇಪಿಸಿದವರುಂಟು. ಆದರೆ ಪರವಾನಗಿ, ತರಂಗಾಂತರ, ದರ ನಿಗದಿ, ಗಿರಾಕಿಯ ಸಂಬಂಧ ಇವೆಲ್ಲ ಏರ್‌ಟೆಲ್ ಕೈಯಲ್ಲೇ ಉಳಿದವು. 2009ರ ಹೊತ್ತಿಗೆ ಅದರ ಗಿರಾಕಿಗಳ ಸಂಖ್ಯೆ 10 ಕೋಟಿ ದಾಟಿತು. ಈ ಬೆಳವಣಿಗೆಗೆ ಒಪ್ಪಂದವೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಇಡೀ ಮಾರುಕಟ್ಟೆಯೇ ಉಬ್ಬುತ್ತಿತ್ತು. ಆ ಉಬ್ಬರದಲ್ಲಿ ಮುಂಗಡ ಬಂಡವಾಳದ ಭಾರ ಕಂಪನಿಯ ಕಾಲಿಗೆ ತೊಡರಲಿಲ್ಲ ಎಂಬುದಂತೂ ನಿಜ.

ಏರ್‌ಟೆಲ್‌ನಂಥ ದೊಡ್ಡ ಕಂಪನಿ ವರ್ಷಗಟ್ಟಲೆಯ ಕರಾರು ಬರೆದು ಪಡೆದುಕೊಂಡ ಸೌಲಭ್ಯವನ್ನು ಅಮೆಜಾನ್ 2006ರಲ್ಲಿ ಯಾರಿಗೆ ಬೇಕಾದರೂ ಗಂಟೆ ಲೆಕ್ಕದಲ್ಲಿ ಮಾರತೊಡಗಿತು. ಮಾರ್ಚಿನಲ್ಲಿ ಮಾಹಿತಿ ಇಡುವ ಜಾಗ, ಗಿಗಾಬೈಟಿಗೆ ತಿಂಗಳಿಗೆ 15 ಸೆಂಟ್. ಆಗಸ್ಟಿನಲ್ಲಿ ಬಾಡಿಗೆ ಕಂಪ್ಯೂಟರ್, ಗಂಟೆಗೆ 10 ಸೆಂಟ್. ಒಂದು ಯಂತ್ರವನ್ನು ಹಲವು ಯಂತ್ರಗಳಂತೆ ವಿಭಾಗಿಸಿ ಕೊಡುವ ತಂತ್ರಾಂಶದಿಂದ ಇದು ಸಾಧ್ಯವಾಯಿತು. ಪೆರೋ ಮಾರಿದ ಬಿಡುವಿನ ಗಂಟೆಗಳೇ ಹೊಸ ವೇಷದಲ್ಲಿ ಬಂದವು ಎನ್ನಬಹುದು. ಆದರೆ ಬರೀ ಯಂತ್ರ ಬಾಡಿಗೆಗೆ ಸಿಕ್ಕರೆ ಸಾಲದು. ಅದನ್ನು ಕಾಯುವವರು, ತಂತ್ರಾಂಶದ ತೂತುಗಳನ್ನು ಮುಚ್ಚುವವರು, ಬ್ಯಾಕಪ್ ತೆಗೆಯುವವರು ಬೇಕು. ಈ ನಿರ್ವಹಣೆಯೂ ಸೇರಿದ ಸೇವೆಯನ್ನು ಕೊಡುವ ಕಂಪನಿಗಳು ಜಗತ್ತಿನಾದ್ಯಂತ ಬೆಳೆದವು. ಬೆಂಗಳೂರಿನ ವಿಪ್ರೋ 2007ರಲ್ಲಿ ಅಮೆರಿಕದ ಇನ್ಫೋಕ್ರಾಸಿಂಗ್ ಎಂಬ ಇಂಥದೇ ಕಂಪನಿಯನ್ನು ಸುಮಾರು 60 ಕೋಟಿ ಡಾಲರಿಗೆ ಕೊಂಡಿತು. ಪರದೇಶದ ಸಂಸ್ಥೆಗಳ ಸರ್ವರುಗಳನ್ನು ರಾತ್ರಿ ಪಾಳಿಯಲ್ಲಿ ಕೂತು ಕಾಯುವ ಸಾವಿರಾರು ಕನ್ನಡಿಗರ ಸಂಬಳದ ಮೂಲ ಇಲ್ಲಿದೆ.

ಈಗ ನಿಜವಾದ ಪ್ರಯೋಜನ ಯಾರಿಗೆ ಎಂಬ ಪ್ರಶ್ನೆಗೆ ಬರೋಣ. ತಾಲ್ಲೂಕು ಕೇಂದ್ರದಲ್ಲಿರುವ, ಏಳೆಂಟು ಶಾಖೆಗಳ ಒಂದು ಪಟ್ಟಣ ಸಹಕಾರಿ ಬ್ಯಾಂಕನ್ನು ಊಹಿಸಿಕೊಳ್ಳಿ. ಮೊದಲೆಲ್ಲ ಅದರ ಸರ್ವರ್ ಮುಖ್ಯ ಶಾಖೆಯ ಹಿಂದಿನ ಕೋಣೆಯಲ್ಲಿ ಇರುತ್ತಿತ್ತು: ಒಂದು ಎ.ಸಿ., ಒಂದು ಯುಪಿಎಸ್, ಕರೆಂಟು ಹೋದರೆ ಹಿತ್ತಲಲ್ಲಿ ಜನರೇಟರ್. ಸಂಜೆ ಕೌಂಟರ್ ಮುಚ್ಚಿದ ಮೇಲೆ ದಿನದ ಲೆಕ್ಕ ಮುಗಿಸಿ, ಬ್ಯಾಕಪ್ಪನ್ನು ಹಾರ್ಡ್ ಡಿಸ್ಕಿಗೆ ಇಳಿಸಿ ಬೀರುವಿನಲ್ಲಿಟ್ಟರೆ ಆಯಿತು. ರಾತ್ರಿ ಏನಾದರೂ ಕೆಟ್ಟರೆ ಬೆಳಿಗ್ಗೆ ಹತ್ತರೊಳಗೆ ಸರಿಪಡಿಸಿದರೆ ಸಾಕಿತ್ತು. 2016ರಲ್ಲಿ ಯುಪಿಐ ಬಂದಮೇಲೆ ಆ ರಾತ್ರಿಯ ಬಿಡುವು ಇಲ್ಲವಾಯಿತು. ಸದಸ್ಯನೊಬ್ಬ ನಡುರಾತ್ರಿ ಆಸ್ಪತ್ರೆಯ ಔಷಧದಂಗಡಿಯಲ್ಲಿ ಫೋನು ಹಿಡಿದು ಹಣ ಕಳಿಸಿದಾಗ ಬ್ಯಾಂಕಿನ ಸರ್ವರ್ ಕೆಲವೇ ಕ್ಷಣಗಳಲ್ಲಿ ಉತ್ತರ ಕೊಡಬೇಕು. ವಾರಕ್ಕೆ 168 ಗಂಟೆ. ಒಬ್ಬ ನೌಕರ ವಾರಕ್ಕೆ 48 ಗಂಟೆ ದುಡಿದರೂ, ರಜೆ ಕಾಯಿಲೆ ಸೇರಿಸಿ ನೋಡಿದರೆ, ಒಂದು ಕುರ್ಚಿ ಖಾಲಿ ಬೀಳದಂತೆ ನೋಡಿಕೊಳ್ಳಲು ನಾಲ್ಕೈದು ಜನ ಬೇಕು. ಡೇಟಾಬೇಸ್ ಬಲ್ಲವರು ಬೇರೆ, ನೆಟ್‌ವರ್ಕ್ ಬಲ್ಲವರು ಬೇರೆ, ಸೈಬರ್ ಸುರಕ್ಷತೆ ಬಲ್ಲವರು ಬೇರೆ. ಏಳೆಂಟು ಶಾಖೆಗಳ ಬ್ಯಾಂಕು ಇಷ್ಟು ಜನರನ್ನು ಎಲ್ಲಿಂದ ತರಬೇಕು? ತಂದರೂ ಅವರು ಎಷ್ಟು ದಿನ ಉಳಿಯುತ್ತಾರೆ? ನೂರು ಬ್ಯಾಂಕುಗಳು ಸೇರಿ ಒಂದೇ ತಂಡಕ್ಕೆ ಹಣ ಕೊಟ್ಟರೆ ಮಾತ್ರ ಅದು ಕೈಗೆಟುಕುತ್ತದೆ. ಆ ಬ್ಯಾಂಕು ಕೊಳ್ಳುತ್ತಿರುವುದು ಯಂತ್ರವನ್ನಲ್ಲ, ಎಚ್ಚರವನ್ನು ಎಂದು ನಾನು ಹೇಳುವುದು ಇದೇ ಅರ್ಥದಲ್ಲಿ.

ಹೀಗೆ ಹೊರಗಿನವರಿಗೆ ವಹಿಸುವುದಕ್ಕೆ ಆಕ್ಷೇಪಗಳೂ ಇವೆ. ಮೊದಲನೆಯದು ಖರ್ಚಿನದು. ಬಾಡಿಗೆ ಕಟ್ಟುತ್ತಾ ಹೋದರೆ ಸ್ವಂತ ಮನೆಗಿಂತ ದುಬಾರಿಯಾಗದೆ? ಕೆಲವರಿಗೆ ಆಗುತ್ತದೆ. ಡ್ರಾಪ್‌ಬಾಕ್ಸ್ ಕಂಪನಿ ಅಮೆಜಾನ್ ಕ್ಲೌಡಿನಿಂದ ತನ್ನದೇ ಯಂತ್ರಗಳಿಗೆ ಬಂದು ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರ್ ಉಳಿಸಿತು. ಅದರ ಕೆಲಸ ಬೃಹತ್ತಾದದ್ದು, ಏರಿಳಿತ ಕಡಿಮೆಯಿದ್ದದ್ದು, ಜತೆಗೆ ನುರಿತ ಎಂಜಿನಿಯರುಗಳು ಮನೆಯಲ್ಲೇ ಇದ್ದರು. ಅಂಥವರಿಗೆ ಸ್ವಂತದ್ದೇ ಲೇಸು, ಒಪ್ಪುತ್ತೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಒಂದು ದಿನದ ನೂಕುನುಗ್ಗಲಿಗೆಂದು ವರ್ಷವಿಡೀ ಯಂತ್ರಗಳನ್ನು ಸಾಕಬೇಕಾದ ಇಲಾಖೆಯ ಲೆಕ್ಕವೇ ಬೇರೆ.

ಎರಡನೆಯದು ಹೆಚ್ಚು ಗಂಭೀರವಾದದ್ದು. ಎಲ್ಲರೂ ಒಬ್ಬನನ್ನೇ ನೆಚ್ಚಿಕೊಂಡರೆ ಅವನು ಬಿದ್ದ ದಿನ ಎಲ್ಲರೂ ಬೀಳುತ್ತಾರೆ. 2024ರ ಜುಲೈ ಕೊನೆಯಲ್ಲಿ ಆದದ್ದು ಇದೇ. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಸೇವೆ ಕೊಡುವ ಸಿ-ಎಡ್ಜ್ ಕಂಪನಿಯ ವ್ಯವಸ್ಥೆಗೆ ಸುಲಿಗೆ ತಂತ್ರಾಂಶದ ದಾಳಿಯಾಗಿ, ಮುನ್ನೆಚ್ಚರಿಕೆಗೆಂದು ಅದನ್ನು ಪಾವತಿ ಜಾಲದಿಂದ ಬೇರ್ಪಡಿಸಬೇಕಾಯಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗಿರಾಕಿಗಳಿಗೆ ಪಾವತಿ ನಿಂತಿತು. ಮರುದಿನವೇ ಸಂಪರ್ಕ ಮರಳಿತು ಎಂಬುದನ್ನೂ ಹೇಳಬೇಕು. ಆ 300 ಬ್ಯಾಂಕುಗಳ ಮೇಲೆ ಒಂದೊಂದಾಗಿ ಅಂಥ ದಾಳಿ ನಡೆದಿದ್ದರೆ ಅವು ಎಷ್ಟು ಬೇಗ ಎದ್ದು ನಿಲ್ಲುತ್ತಿದ್ದವು? ಇನ್ನು, ಸ್ವಂತ ಡೇಟಾ ಸೆಂಟರ್ ಇದ್ದ ಮಾತ್ರಕ್ಕೆ ಸುರಕ್ಷಿತರೂ ಅಲ್ಲ. 2020ರ ನವೆಂಬರಿನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ಪ್ರಧಾನ ಡೇಟಾ ಸೆಂಟರಿನಲ್ಲೇ ವಿದ್ಯುತ್ ಕೈಕೊಟ್ಟು ಸೇವೆ ನಿಂತು, ರಿಸರ್ವ್ ಬ್ಯಾಂಕು ಹೊಸ ಕ್ರೆಡಿಟ್ ಕಾರ್ಡ್ ನೀಡಿಕೆಯನ್ನೇ ತಡೆಹಿಡಿದಿತ್ತು.

ಇಲ್ಲಿ ಹಿಟ್ಟಿನ ಗಿರಣಿಯ ಹೋಲಿಕೆ ನೆನಪಾಗುತ್ತದೆ, ಅದು ಎಲ್ಲಿ ಹೊಂದುವುದಿಲ್ಲ ಎಂಬ ಕಾರಣಕ್ಕೆ. ಮನೆಮನೆಗೂ ಗಿರಣಿ ಬೇಡ, ಜೋಳ ಒಯ್ದು ಹಿಟ್ಟು ತಂದರಾಯಿತು. ಆದರೆ ಕ್ಲೌಡಿನಲ್ಲಿ ಹಿಟ್ಟೂ ಜೋಳವೂ ಗಿರಣಿಯಲ್ಲೇ ಉಳಿಯುತ್ತವೆ. ಹಾಗಾಗಿ ಮಾಹಿತಿಯ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು. ಆಸ್ಟ್ರೇಲಿಯಾದ ಯೂನಿಸೂಪರ್ ಪಿಂಚಣಿ ನಿಧಿಗೆ 2024ರ ಮೇ ತಿಂಗಳಲ್ಲಿ ಒದಗಿದ್ದನ್ನು ನೋಡಿ. ಅದರ ಕ್ಲೌಡ್ ವ್ಯವಸ್ಥೆಯನ್ನು ಹೊಂದಿಸುವಾಗ, ಸೇವೆ ಕೊಡುತ್ತಿದ್ದ ಗೂಗಲ್‌ನವರು ಒಂದು ಅಂಕಣವನ್ನು ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟರೆ ಒಂದು ವರ್ಷದ ಅವಧಿ ಎಂದು ಯಂತ್ರ ತಿಳಿದುಕೊಳ್ಳುತ್ತಿತ್ತು. ವರ್ಷ ಮುಗಿದದ್ದೇ ತಡ, ಆ ನಿಧಿಯ ಖಾಸಗಿ ಕ್ಲೌಡ್ ತಾನಾಗಿಯೇ ಅಳಿಸಿಹೋಯಿತು. 6 ಲಕ್ಷಕ್ಕೂ ಹೆಚ್ಚು ಸದಸ್ಯರು ದಿನಗಟ್ಟಲೆ ತಮ್ಮ ಖಾತೆ ನೋಡಲಾಗಲಿಲ್ಲ. ಮಾಹಿತಿ ಮಾತ್ರ ಉಳಿಯಿತು. ನಿಧಿಯವರು ಬೇರೊಂದು ಕಂಪನಿಯ ಬಳಿಯೂ ಬ್ಯಾಕಪ್ ಇಟ್ಟಿದ್ದದ್ದು ಅದಕ್ಕೆ ನೆರವಾಯಿತು. ಆ ಕಾಳಜಿ ವಹಿಸಿದವರು ನಿಧಿಯ ಒಳಗಿನ ಜನ.

ಕಾನೂನೂ ಈ ಕಡೆಗೇ ಬಂದಿದೆ. ರಿಸರ್ವ್ ಬ್ಯಾಂಕು ಐಟಿ ಹೊರಗುತ್ತಿಗೆ ಕುರಿತು 2023ರ ಏಪ್ರಿಲಿನಲ್ಲಿ ಹೊರಡಿಸಿ ಅಕ್ಟೋಬರ್ 1ರಿಂದ ಜಾರಿಗೆ ತಂದ ನಿರ್ದೇಶನದ ಪ್ರಕಾರ ಕೆಲಸ ಯಾರು ಮಾಡಿದರೂ ಗಿರಾಕಿಗೆ ಉತ್ತರ ಕೊಡಬೇಕಾದದ್ದು ಬ್ಯಾಂಕೇ. ಗುತ್ತಿಗೆಯಿಂದ ಹೊರಬರುವ ದಾರಿಯನ್ನೂ ಮೊದಲೇ ಯೋಚಿಸಿಟ್ಟಿರಬೇಕು. ಹೊಣೆಯ ವಿಷಯದಲ್ಲಿ ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ನಿಲುವೂ ಇದೇ. ನಿಯಮ ಸರಿ, ಅದನ್ನು ಪಾಲಿಸಲು ಒಳಗೆ ಜನ ಬೇಕಲ್ಲ? ಹೊರಗುತ್ತಿಗೆ ಕೊಟ್ಟ ಮರುದಿನವೇ ತನ್ನ ಕಂಪ್ಯೂಟರ್ ಸಿಬ್ಬಂದಿಯನ್ನೆಲ್ಲ ಮನೆಗೆ ಕಳಿಸುವ ಸಂಸ್ಥೆಗೆ, ಬಂದ ಬಿಲ್ಲು ಸರಿಯಿದೆಯೇ ಎಂದು ಕೇಳುವಷ್ಟು ತಿಳಿವಳಿಕೆಯೂ ಉಳಿಯುವುದಿಲ್ಲ. ಅದಕ್ಕೆ ಇಬ್ಬರಾದರೂ ಸಾಕು, ಇರಲೇಬೇಕು.

ಈ ಮಾತು ಸದ್ಯಕ್ಕೆ ಹೆಚ್ಚು ಅನ್ವಯಿಸುವುದು ನಮ್ಮ ಹಳ್ಳಿಗಳಿಗೆ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಸಹಕಾರಿ ಸಂಘ ಕಟ್ಟಿದ ನಾಡು ನಮ್ಮದು. 2022ರಲ್ಲಿ ಕೇಂದ್ರ ಸರ್ಕಾರ 2,516 ಕೋಟಿ ರೂಪಾಯಿ ವೆಚ್ಚದಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಸಾಮಾನ್ಯ ತಂತ್ರಾಂಶದ ಮೇಲೆ ಗಣಕೀಕರಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸದಸ್ಯರ ಸಾಲ, ಠೇವಣಿ, ಗೊಬ್ಬರದ ದಾಸ್ತಾನು ಎಲ್ಲವೂ ಇನ್ನು ದೂರದ ಸರ್ವರಿನಲ್ಲಿ ಇರುತ್ತವೆ. ಸಂಘದ ಕಾರ್ಯದರ್ಶಿಗಳು ಮತ್ತು ಆಡಳಿತ ಮಂಡಳಿಯವರು ಕೇಳಬೇಕಾದ ಪ್ರಶ್ನೆಗಳು ಕೆಲವೇ: ನಮ್ಮ ದಾಖಲೆಯ ಪೂರ್ತಿ ಪ್ರತಿ ನಮ್ಮ ಕೈಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಅದನ್ನು ಬೇರೆ ತಂತ್ರಾಂಶ ಓದಬಲ್ಲದೇ, ಬ್ಯಾಕಪ್ಪಿನಿಂದ ಲೆಕ್ಕವನ್ನು ಮರಳಿ ಎತ್ತಿ ನೋಡಿದ ಪರೀಕ್ಷೆ ಕೊನೆಯ ಬಾರಿ ಎಂದು ನಡೆಯಿತು. ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ, ಜಮಾ ಖರ್ಚಿನ ವಿಷಯದ ಪಕ್ಕದಲ್ಲೇ, ಇವಕ್ಕೂ ಜಾಗವಿರಬೇಕು.